ಮುದ್ದಯ್ಯನ ಸ್ವಂತ ಹಲಗೆ

ಮುದ್ದಯ್ಯನನ್ನು ನಾನು ಮೊದಲು ಬಡಗಿ ಎಂದುಕೊಂಡಿದ್ದೆ. ತಪ್ಪು ಪೂರ್ತಿ ನನ್ನದೇ ಅಲ್ಲ. ಹುಣಸೂರಿನಂಥ ಮರದ ಊರಿನಲ್ಲಿ, ಬೆಳ್ಳಂಬೆಳಗ್ಗೆ ಆಳುದ್ದದ ಹಲಗೆಯೊಂದನ್ನು ತಲೆಯ ಮೇಲೆ ಹೊತ್ತು ದಿನವೂ ಬೀದಿ ಹಿಡಿದು ಹೋಗುವವನನ್ನು ಇನ್ನೇನೆಂದು ತಿಳಿಯಬೇಕು? ಆಗಷ್ಟೇ ವರ್ಗವಾಗಿ ಬಂದಿದ್ದ ನಾನು ಅವನನ್ನು ತಡೆದು, ನಮ್ಮ ಮನೆಗೊಂದು ಮಂಚ ಮಾಡಿಕೊಡುತ್ತೀಯಾ ಎಂದು ಕೇಳಿದೆ.

“ಮಂಚ ಮುರಿಯೋದು ಗೊತ್ತು ಸ್ವಾಮಿ, ಮಾಡೋದು ಗೊತ್ತಿಲ್ಲ,” ಎಂದು ಹೇಳಿ ಅವನು ನಡೆದೇಬಿಟ್ಟ.

ಅವನು ಪೈಲ್ವಾನ. ಹೊತ್ತೊಯ್ಯುತ್ತಿದ್ದುದು ಗರಡಿ ಮನೆಗೆ. ಅಲ್ಲಿ ಎಲ್ಲರೂ ದಂಡ ಹೊಡೆಯುವುದಕ್ಕೂ, ಮಲಗಿ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವುದಕ್ಕೂ ಒಂದೇ ಹಲಗೆ ಇತ್ತು. ತಲೆಮಾರುಗಳ ಬೆವರು ಕುಡಿದು ಅದು ಹಂದಿಯ ಬೆನ್ನಿನಂತೆ ಮಿರಮಿರ ಮಿಂಚುತ್ತಿತ್ತು. ಪಟ್ಟದ ಆನೆಯ ಅಂಬಾರಿಗೂ ಆ ಹೊಳಪು ಇರಲಿಲ್ಲವೆಂದು ಗರಡಿಯ ಉಸ್ತಾದ್ ಮರಿಯಯ್ಯನ ಹೆಮ್ಮೆ. ಮುದ್ದಯ್ಯ ಅದು ಬರೀ ಕೊಳೆಯೆಂದು ಹೇಸಿ, ಮನೆಯಿಂದ ತನ್ನದೇ ಹಲಗೆ ತರತೊಡಗಿದ.

“ಆಂಜನೇಯನ ಗರಡಿ ಕಣ್ಲಾ ಇದು! ಇಲ್ಲಿ ಕೊಳೆ ಅನ್ನೋದು ಎಲ್ಲದೆ?” ಎಂದು ಮರಿಯಯ್ಯ ಗುಡುಗಿದರು. “ಮಣ್ಣಿಗೆ ಅರಿಸಿನ, ನಿಂಬೆಹುಳಿ, ತುಪ್ಪ ಎಲ್ಲಾ ಆಕಿವ್ನಿ. ಕಜ್ಜಿ ಇದ್ದೋನು ಉಳ್ಳಾಡಿದ್ರೂ ವಾಸಿಯಾಯ್ತದೆ!”

“ಮಣ್ಣಿನ ಮಾತು ಬುಡಿ ಉಸ್ತಾದ್ರೆ. ಮಣ್ಣ ದಿನಾ ಅಗೆದು ಮಗುಚ್ತೀರಿ. ಅಲಗೆ ಮಗುಚೋರು ಯಾರು?”

ಉತ್ತರ ಹೊಳೆಯದ ದೊಡ್ಡ ಮನುಷ್ಯರು ಮಾಡುವುದನ್ನೇ ಉಸ್ತಾದರೂ ಮಾಡಿದರು, ಆಜ್ಞೆ ಹೊರಡಿಸಿದರು. ಗರಡಿಯ ಹಲಗೆಯ ಮೇಲೆ ಮಲಗದವನ ಕೈ ಹಿಡಿದು ತಾವು ಪಿರಿಯಾಪಟ್ಟಣದ ಕುಸ್ತಿಗೆ ಹೋಗುವುದಿಲ್ಲ!

ಇದು ಸಣ್ಣ ಮಾತಲ್ಲ. ಕುಸ್ತಿಗೆ ಮುಂಚೆ ಜೋಡಿ ಕಟ್ಟುವಾಗ ಉಸ್ತಾದ್ ಕೈ ಹಿಡಿದು ಕರೆತಂದರಷ್ಟೇ ಪೈಲ್ವಾನನಿಗೆ ಎದುರಾಳಿ ಸಿಗುವುದು. ಹಿಂದಿನ ವರ್ಷ ಅದೇ ಪಿರಿಯಾಪಟ್ಟಣದಲ್ಲಿ ಮುದ್ದಯ್ಯ ಅಂಗಾತ ಬಿದ್ದಿದ್ದ. ಅವನ ಹೆಂಡತಿ ತಿಮ್ಮಮ್ಮನ ತವರು ಪಕ್ಕದ ಹಾರನಹಳ್ಳಿ. ಇಡೀ ಹಾರನಹಳ್ಳಿ ಅಳಿಯ ಬಿದ್ದದ್ದನ್ನು ಕಣ್ಣಾರೆ ಕಂಡಿತ್ತು. ಅಂದಿನಿಂದ ಅತ್ತೆ ಮುದ್ದೆ ಬಡಿಸುವಾಗಲೆಲ್ಲ, “ಬಿದ್ದ ಮೈ, ಇನ್ನೊಂದು ಉಣ್ಣಪ್ಪ” ಎನ್ನುತ್ತಿದ್ದಳು. ಈ ಸಲ ಗೆಲ್ಲದಿದ್ದರೆ ಆ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ.

ಆದರೂ ಮುದ್ದಯ್ಯ ತನ್ನ ಹಲಗೆ ಬಿಡಲಿಲ್ಲ.

ಕುಸ್ತಿ ಹತ್ತಿರವಾದಾಗ ಅವನ ಹೆಗಲ ಮೇಲೆ ದುಂಡಗೆ, ಕೆಂಪಗೆ, ಅಂಚು ಕಟ್ಟಿದಂತೆ ಒಂದು ಹುಳುಕಡ್ಡಿ ಎದ್ದಿತು. ಆಮೇಲೆ ಬೆನ್ನಿಗೂ ಇಳಿಯಿತು. ಊರಿನಲ್ಲೆಲ್ಲ ಅವನೊಬ್ಬನಿಗೇ! ಸಾರ್ವಜನಿಕ ಹಲಗೆಯ ಮೇಲೆ ಬಿದ್ದು ಹೊರಳಿದ ಪೈಲ್ವಾನರೆಲ್ಲ ಬೆಣ್ಣೆಯಂತಿದ್ದರು.

ಮುದ್ದಯ್ಯ ಮನೆಗೆ ಬಂದು ಕೂಗಾಡಿದ. “ನನ್ನ ಅಲಗೆ ಯಾರು ಮುಟ್ಟಿದ್ರು? ನಿಜ ಯೋಳು!”

“ಅಯ್ಯೋ, ಕೊಟ್ಟಿಗೇಲಿ ಒರಗಿಸಿಟ್ಟಿರೋ ಅಲಗೆ ಯಾರು ಮುಟ್ಟಾರು?” ಎಂದಳು ತಿಮ್ಮಮ್ಮ. “ಮನುಷ್ರು ಒಬ್ರೂ ಮುಟ್ಟಿಲ್ಲ ಕಣ್ರೀ. ನಮ್ಮೆಮ್ಮೆ ಮೈ ಉಜ್ಕೋತದೆ, ಅಷ್ಟೇಯ. ಪಾಪ, ಅದ್ಕೂ ಮೈಯೆಲ್ಲ ಕಡಿತ.”

ಸುದ್ದಿ ಮರಿಯಯ್ಯನಿಗೆ ಮುಟ್ಟಿದಾಗ ಅವರು ಹಬ್ಬ ಮಾಡಿದರು. ಹುಳುಕಡ್ಡಿ ಗರಡಿಯದಲ್ಲ, ಕೊಟ್ಟಿಗೆಯದು ಎಂದು ಸಂತೆಯಲ್ಲಿ ಕಂಡಕಂಡವರಿಗೆ ಹೇಳಿದರು. ಆ ಸಂತೋಷದಲ್ಲಿ ಮುದ್ದಯ್ಯನನ್ನು ಕ್ಷಮಿಸಿ, ಗರಡಿಯ ಹಲಗೆಯ ಮೇಲೆ ಮಲಗೆಂದು ದೊಡ್ಡ ಮನಸ್ಸಿನಿಂದ ಕರೆದರು. ಉಳಿದ ಪೈಲ್ವಾನರು ಎದ್ದು ನಿಂತರು.

“ಬ್ಯಾಡ ಉಸ್ತಾದ್ರೆ! ಅವನ ಅಲಗೆ ಅವನೇ ತರ್ಲಿ!”

ಹೀಗೆ ಮೊದಲು ಹಟದಿಂದ ಹೊತ್ತ ಹಲಗೆಯನ್ನು ಮುದ್ದಯ್ಯ ಈಗ ಅಪ್ಪಣೆಯ ಮೇರೆಗೆ ಹೊತ್ತ. ಬೇವಿನೆಣ್ಣೆ ಬಳಿದುಕೊಂಡು ಉಸ್ತಾದರ ಹಿಂದೆ ಪಿರಿಯಾಪಟ್ಟಣಕ್ಕೆ ಹೊರಟ. ಅವರು ಅವನ ಕೈಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು. ನಾನೂ ಗುಂಪಿನೊಡನೆ ಹೋದೆ.

ಜೋಡಿ ಕಟ್ಟುವಾಗ ಒಪ್ಪಿದ ಎದುರಾಳಿ ಮುಂದೆ ಬಂದು ಕೈ ಕೊಡಬೇಕು. ಮುದ್ದಯ್ಯ ಮೈದಾನ ಸುತ್ತಿದ. ಒಬ್ಬನಿಗೆ ಇದ್ದಕ್ಕಿದ್ದಂತೆ ಮೊಣಕಾಲು ನೋವು ಬಂತು. ಇನ್ನೊಬ್ಬ ಮಂಡಿಯವರೆಗೆ ಬಗ್ಗಿ ಕಾಲಿನ ಮುಳ್ಳು ಹುಡುಕತೊಡಗಿದ. ಹಾರನಹಳ್ಳಿಯವರು ಸಾಲಾಗಿ ಕುಳಿತು ನೋಡುತ್ತಿದ್ದರು.

ಆಗ ಹೆಗ್ಗಡದೇವನಕೋಟೆಯ ಸಣ್ಣಯ್ಯನೆಂಬವನು ಎದ್ದ. ಅವನಿಗೂ ಬೆಳಗಿನಿಂದ ಯಾರೂ ಕೈ ಕೊಟ್ಟಿರಲಿಲ್ಲ. ಸೊಂಟದ ಸುತ್ತ ಒಡ್ಯಾಣ ಇಟ್ಟಂತೆ ಹುಳುಕಡ್ಡಿ! ತೂಕ, ಎತ್ತರ, ವಯಸ್ಸು ನೋಡಬೇಕಾದ ಹಿರಿಯರು ಇಬ್ಬರ ಮೈಯ ಕಲೆಗಳನ್ನು ಮಾತ್ರ ನೋಡಿ, “ಒಳ್ಳೇ ಜೋಡಿ ಕಣ್ರಪ್ಪ, ಬುಡಿ!” ಎಂದರು. ತಮಟೆ ಮೊಳಗಿತು.

ಮುದ್ದಯ್ಯ ಒಂದು ಕ್ಷಣವೂ ಹಿಂಜರಿಯಲಿಲ್ಲ. ಹಲಗೆಗೆ ಹೇಸಿದವನು ಆ ಸೊಂಟವನ್ನು ಎರಡು ತೋಳಲ್ಲೂ ತಬ್ಬಿ, ಅದಕ್ಕೆ ಕೆನ್ನೆ ಒತ್ತಿ, ಎತ್ತಿ, ಚಿತ್ ಮಾಡಿದ. ಅತ್ತೆ ಎದ್ದು ನಿಂತು, “ನಮ್ಮಳಿಯ! ನಮ್ಮಳಿಯ!” ಎಂದು ಕಿರುಚಿದಳು. ಉಸ್ತಾದರು ದೂರದಿಂದಲೇ ಆಶೀರ್ವಾದ ಮಾಡಿದರು.

ಅವನು ಮೈಮೇಲಿನ ಮಣ್ಣು ಕೊಡವುತ್ತಿದ್ದಾಗ ಹತ್ತಿರ ಹೋಗಿ, “ಅಲ್ಲಯ್ಯಾ, ಅಷ್ಟು ಮಡಿ ಮಾಡುತ್ತಿದ್ದವನು, ಅವನ ಮೈ ನೋಡಿ ಹೇಸಿಗೆ ಆಗಲಿಲ್ಲವಾ?” ಎಂದು ಕೇಳಿದೆ.

“ನಾನು ಅವನ್ನ ಕೆಡವಕ್ಕೆ ಓಗಿದ್ದೆ ಸ್ವಾಮಿ, ಎಣ್ಣು ನೋಡಕ್ಕಲ್ಲ.”