ಸಂಕದ ಹತ್ತಿರ ನಾನಿರಲಿಲ್ಲ

ನಮ್ಮ ಸೈಕಲ್ ಕ್ಲಬ್ಬಿನ ಹಳೆಯ ಅಧ್ಯಕ್ಷರು ಈಗಲೂ ಸಿದ್ದಾಪುರದ ಪೇಟೆಯಲ್ಲಿ ಸಿಕ್ಕಿದರೆ ನನ್ನ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುತ್ತಾರೆ. ಆ ಕೈಯನ್ನು ಕೊಡವಿ ಬಿಸಾಕಬೇಕು ಅನಿಸುತ್ತದೆ. ಬಿಸಾಕುವುದಿಲ್ಲ. ನಗುತ್ತೇನೆ. ಅವರ ಮೇಲಿನ ಸಿಟ್ಟಿಗಿಂತ ಹಾಗೆ ನಗುವ ನನ್ನ ಮೇಲಿನ ಸಿಟ್ಟೇ ಹೆಚ್ಚು.

ನಾನು ಶಾಲೆ ಕಲಿತದ್ದು ಏಳನೆಯ ತರಗತಿಯವರೆಗೆ. ಆಮೇಲೆ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುತ್ತ ಬೆಳೆದು, ನನ್ನದೇ ಒಂದು ಸಣ್ಣ ಅಂಗಡಿ ಇಟ್ಟೆ. ಕ್ಲಬ್ಬಿನವರು ಬಂದದ್ದು ಆಗ. ಕೊಯ್ಲು ಮುಗಿದ ಗದ್ದೆಗಳಲ್ಲಿ, ಬೆಟ್ಟದ ದಾರಿಯಲ್ಲಿ ಅವರು ಸೈಕಲ್ ರೇಸು ಮಾಡುತ್ತಿದ್ದರು. ಒಂದು ವರ್ಷ ನಮ್ಮಲ್ಲಿ, ಒಂದು ವರ್ಷ ಶಿರಸಿ ಕಡೆ, ಇನ್ನೊಂದು ವರ್ಷ ಯಲ್ಲಾಪುರದ ಕಡೆ. ಹಿಂದಿನ ದಿನವೇ ಒಂದು ಗದ್ದೆಗೆ ನೀರು ಬಿಟ್ಟು ಕೆಸರು ಮಾಡುತ್ತಿದ್ದರು. ಸೈಕಲ್ ಹೊಡೆಯಲು ಬಂದಲ್ಲಿ ಹೊಡೆಯಬೇಕು, ಬಾರದಲ್ಲಿ ಅದನ್ನು ಹೊತ್ತುಕೊಂಡು ಓಡಬೇಕು. ಧಾರವಾಡದಲ್ಲಿ ಓದಿ ಬಂದವರೊಬ್ಬರು ಇದಕ್ಕೆ ಸೈಕ್ಲೋಕ್ರಾಸ್ ಎಂದು ಹೆಸರಿದೆ ಅಂದರು. ನಮ್ಮ ಬಾಯಲ್ಲಿ ಅದು ಕೆಸರು ಸೈಕಲ್ಲೇ ಆಗಿತ್ತು.

ಅವರು ನನಗೆ ಕ್ಲಬ್ಬಿನ ಟೋಪಿ ಕೊಟ್ಟರು. ಹೊರಗೆ ರೇಸಿದ್ದಾಗ ಜೀಪಿನಲ್ಲಿ ಕೂರಿಸಿಕೊಂಡು ಹೋದರು. "ನಮ್ಮ ಮೆಕ್ಯಾನಿಕ್" ಎಂದು ನಾಲ್ಕು ಜನರ ಮುಂದೆ ಹೇಳಿದರು. ಅಲ್ಲಿಯವರೆಗೆ ನನ್ನನ್ನು "ನಮ್ಮ" ಎಂದು ಕರೆದವರಿರಲಿಲ್ಲ. ಆ ಟೋಪಿಯನ್ನು ನಾನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ.

ನನಗೊಬ್ಬಳು ತಂಗಿ. ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಹೊಸತರಲ್ಲಿ ಅವಳಿಗೂ ಒಂದು ಸಿಕ್ಕಿತು. ನಮ್ಮ ಮನೆಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಅದಕ್ಕೆ ಅಡ್ಡವಾಗಿ ಎರಡು ಮರದ ದಿಮ್ಮಿ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದ ಸಂಕ. ಹುಡುಗಿಯರ ಸೈಕಲ್ಲಿಗೆ ಮೇಲಿನ ಅಡ್ಡದಂಡ ಇರುವುದಿಲ್ಲವಾದ್ದರಿಂದ ಹೆಗಲಿಗೆ ಹಾಕಿಕೊಳ್ಳಲು ಬರುವುದಿಲ್ಲ. ಅವಳು ಸೀಟಿನ ಕೆಳಗೆ ಕೈ ತೂರಿಸಿ, ತುಂಬಿದ ಕೊಡದ ಹಾಗೆ ಸೈಕಲ್ಲನ್ನು ಸೊಂಟಕ್ಕೆ ಕೂರಿಸಿಕೊಂಡು ಸಂಕ ದಾಟುತ್ತಿದ್ದಳು. ದಿನಕ್ಕೆ ಎರಡು ಸಲ, ಮಳೆಗಾಲದಲ್ಲೂ.

ಅವಳು ಕಾಲೇಜಿಗೆ ಸೇರಿದ ವರ್ಷ ಕ್ಲಬ್ಬಿನ ರೇಸು ನಮ್ಮೂರಿನಲ್ಲೇ ಬಂತು, ದಾರಿ ಅದೇ ಸಂಕದ ಮೇಲೆ. ಮೊದಲು ಬಂದವರನ್ನು ಕ್ಲಬ್ಬು ತನ್ನ ಖರ್ಚಿನಲ್ಲಿ ಧಾರವಾಡದ ದೊಡ್ಡ ರೇಸಿಗೆ ಕಳಿಸುತ್ತದೆ ಎಂದು ಹೇಳಿದ್ದರು. ಅವಳಿಗೆ ಹೋಗಬೇಕಿದ್ದದ್ದು ಅಲ್ಲಿಗೆ. "ಅಣ್ಣಾ, ನಾ ಬರೂಕೆ ಅಡ್ಡಿ ಇಲ್ವಾ ಕೇಳು" ಎಂದು ವಾರಗಟ್ಟಲೆ ಬೆನ್ನು ಬಿದ್ದಳು. ಕೇಳಿದೆ. "ಸೈಕಲ್ ಇದ್ದವ್ರು ಯಾರೂ ಬರ್ಬಹುದು ತಮಾ" ಎಂದು ಅಧ್ಯಕ್ಷರು ನಕ್ಕರು.

ಹೊರಡುವ ಜಾಗದಲ್ಲಿ ಅವಳೊಬ್ಬಳೇ ಹುಡುಗಿ. ಗಂಡಸರಲ್ಲಿ ಒಬ್ಬ ಕೂಗಿದ: "ಏ ತಂಗಿ, ಪುಸ್ತಕದ ಚೀಲ ಎಲ್ಲಿ ಬಿಟ್ಟೆ?"

"ಮನೇಲಿ ಬಿಟ್ಟೆ. ನಿಮ್ಗೆ ಸಂಕದ ಮೇಲೆ ಸೈಕಲ್ ಹೊರೂಕೆ ಆಗ್ದಿದ್ರೆ ನಿಮ್ದೂ ಹೊತ್ಕಂಡ್ ಹೋಗ್ವ ಅಂತ."

ಎಲ್ಲರೂ ನಕ್ಕರು. ಅವಳ ಸೈಕಲ್ಲಿನ ಚೈನಿಗೆ ಪೂರ್ತಿ ಮುಚ್ಚುವ ತಗಡಿನ ಕವರಿತ್ತು. ಅದನ್ನು ನೋಡಿಯೂ ನಕ್ಕರು. ಅಧ್ಯಕ್ಷರ ಅಕ್ಕನ ಮಗ ಹುಬ್ಬಳ್ಳಿಯಿಂದ ಗೇರಿನ ಸೈಕಲ್ ತರಿಸಿದ್ದ. ಕ್ಲಬ್ಬಿನವರ ಕಣ್ಣೆಲ್ಲ ಅವನ ಮೇಲೆ.

ನನ್ನ ಕೆಲಸ ಸಂಕದ ಹತ್ತಿರ ನಿಲ್ಲುವುದು. ಸಂಕದಿಂದ ಸ್ವಲ್ಪ ಕೆಳಗೆ ಹಳ್ಳ ತೆಳ್ಳಗೆ ಹರಿಯುತ್ತದೆ. ಅಲ್ಲಿ ಸೈಕಲ್ ಹೊರದೆ, ಹೊಡೆದುಕೊಂಡೇ ದಾಟಿಬಿಡಬಹುದು. ಹಾಗೆ ಕಳ್ಳದಾರಿ ಹಿಡಿಯಬಾರದು ಎಂದು, ಸಂಕ ದಾಟಿ ಬಂದವರ ಹ್ಯಾಂಡಲ್ಲಿಗೆ ನಾನು ಒಂದು ಬಾಳೆನಾರು ಕಟ್ಟಬೇಕು. ನಾರಿಲ್ಲದವನ ರೇಸು ಲೆಕ್ಕಕ್ಕಿಲ್ಲ. ಇನ್ನೊಂದು ನಿಯಮ: ಚೈನು ಬಿದ್ದರೆ, ಗಾಳಿ ಹೋದರೆ ತಾನೇ ಸರಿಮಾಡಿಕೊಳ್ಳಬೇಕು, ಬೇರೆಯವರು ಮುಟ್ಟಬಾರದು. ಎರಡೂ ನಿಯಮವನ್ನು ಮೈಕಿನಲ್ಲಿ ಓದಿದವರು ಅಧ್ಯಕ್ಷರೇ.

ಮೊದಲು ಬಂದವನು ಗೇರಿನ ಸೈಕಲ್ಲಿನವನು. ನಾರು ಕಟ್ಟಿದೆ. ಏರು ಹತ್ತಿ ಬಿದಿರು ಮೆಳೆಯ ಹಿಂದೆ ಮರೆಯಾದ. ಮರುಗಳಿಗೆ ಅಲ್ಲಿಂದ ಕೂಗಿದ: "ಏ ಬಾರೋ ಇಲ್ಲಿ, ಬೇಗ!"

ಹೋಗಬಾರದಿತ್ತು. ಹೋದೆ. ಓಡಿಕೊಂಡು ಹೋದೆ. ಗೇರಿನ ಹಲ್ಲಿಗೆಲ್ಲ ಕೆಸರು, ಹುಲ್ಲು ಸಿಕ್ಕಿಕೊಂಡು ಚೈನು ಜಾಮಾಗಿತ್ತು. ದಾರಿಯಲ್ಲಿ ಯಾರಿಗಾದರೂ ಕಂಡೀತೆಂದು ಇಬ್ಬರೂ ಸೈಕಲ್ಲನ್ನು ಮೆಳೆಯ ಒಳಗೆ ಎಳೆದುಕೊಂಡೆವು. ನಾನು ಮಂಡಿಯೂರಿ ಕೂತು ಹುಲ್ಲು ಕೀಳತೊಡಗಿದೆ.

ಆಗ ಸಂಕದ ಕಡೆಯಿಂದ ಕೇಳಿತು: "ಅಣ್ಣಾ!"

ಕೈ ನಿಂತಿತು. ಅವನು ಪಿಸುಗುಟ್ಟಿದ: "ಸುಮ್ನಿರೋ. ಮಾತಾಡ್ಬೇಡ."

"ಅಣ್ಣಾ, ಎಲ್ಲಿದ್ಯಾ? ನಾರು ಕಟ್ಟು ಬಾರಾ!"

ನಾನು ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತು ಅವಳು ಅಲ್ಲೇ ಕಾದಳು. ಆಮೇಲೆ ಅವಳ ಹಿಂದಿನ ಮಡ್‌ಗಾರ್ಡು ಟಪಟಪ ಬಡಿದುಕೊಳ್ಳುವ ಸದ್ದು ಏರು ಹತ್ತಿತು. ಆ ಮಡ್‌ಗಾರ್ಡಿಗೆ ತಂತಿ ಬಿಗಿದವನು ನಾನೇ, ಆ ಸದ್ದು ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ಮೆಳೆಯ ಆಚೆಯಿಂದ ಅವಳು ಹಾದುಹೋದಳು. ಕೆಳಗಿನ ಕಳ್ಳದಾರಿ ಬಂದು ಸೇರುವುದು ಇನ್ನೂ ಮೇಲೆ. ಮೆಳೆಯ ಪಕ್ಕದಲ್ಲಿ ಹಾದವರು ಯಾರೇ ಇರಲಿ, ಸಂಕ ದಾಟಿಯೇ ಬಂದಿರಬೇಕು.

ಚೈನು ಸರಿಯಾಯಿತು, ಅವನು ಹಾರಿ ಹೋದ. ನಾನು ಸಂಕಕ್ಕೆ ವಾಪಸು ಬಂದು, ಆಮೇಲೆ ಬಂದವರಿಗೆಲ್ಲ ಚೈನಿನ ಕರಿ ಮೆತ್ತಿದ ಕೈಯಲ್ಲೇ ನಾರು ಕಟ್ಟಿದೆ.

ಗುರಿ ಮುಟ್ಟುವ ಜಾಗಕ್ಕೆ ನಾನು ಹೋದಾಗ ಗಲಾಟೆ ಶುರುವಾಗಿತ್ತು. ತಂಗಿಯೇ ಮೊದಲು ಮುಟ್ಟಿದ್ದಳು. ಮೊಣಕಾಲಿನವರೆಗೆ ಕೆಸರು, ಲಂಗದ ಅಂಚು ಹರಿದಿತ್ತು. ಹ್ಯಾಂಡಲ್ಲಿನಲ್ಲಿ ನಾರಿರಲಿಲ್ಲ.

"ಕೂಗ್ದೆ, ಅಣ್ಣ ಇರ್ಲಿಲ್ಲ ಅಲ್ಲಿ. ಅಣ್ಣಂಗೇ ಕೇಳಿ" ಎನ್ನುತ್ತಿದ್ದಳು.

ಅಧ್ಯಕ್ಷರು ಅಕ್ಕನ ಮಗನ ಕಡೆ ತಿರುಗಿದರು. "ನಿಂಗೆ ಎಂತ ಆತೋ? ಇಷ್ಟು ಹೊತ್ತು?"

"ಎಂತ ಇಲ್ಲೆ ಮಾವ. ಗದ್ದೆಲಿ ಜಾರ್ತು."

ಆಮೇಲೆ ನನ್ನನ್ನು ಕರೆದರು. ಅವರ ಕಣ್ಣು ಮೊದಲು ಬಿದ್ದದ್ದು ನನ್ನ ಕೈ ಮೇಲೆ. ಬೆರಳಿಂದ ಮಣಿಕಟ್ಟಿನವರೆಗೆ ಚೈನಿನ ಕರಿ. ಸಂಕದ ಹತ್ತಿರ ನಾರು ಕಟ್ಟುವವನ ಕೈಗೆ ಚೈನಿನ ಕರಿ ಎಲ್ಲಿಂದ ಬರಬೇಕು? ಅದು ಅವರಿಗೆ ಹೊಳೆಯಲಿಲ್ಲ ಎಂದು ನಾನು ನಂಬುವುದಿಲ್ಲ. ನೋಡಿಯೂ, ಮೆತ್ತಗೆ ಕೇಳಿದರು: "ತಮಾ, ನೀ ನಮ್ಮವ. ಸುಳ್ಳು ಹೇಳೂದಿಲ್ಲ. ಇವ್ಳು ಸಂಕ ದಾಟಿದ್ದು ನೀ ನೋಡ್ದ್ಯಾ, ಇಲ್ವಾ? ಅಷ್ಟೇ ಹೇಳು."

ತಂಗಿ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ಅವಳೂ ನನ್ನ ಕೈ ನೋಡಿದಳು.

"ನೋಡ್ಲಿಲ್ಲ" ಎಂದೆ.

ಕಣ್ಣಿಂದ ನೋಡಿರಲಿಲ್ಲ, ನಿಜ. ಹಾಗೆಂದು ಅದೆಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆನೋ! ಮೈಮೇಲೆ ಹುಳ ಬಿದ್ದ ಹಾಗಾಗುತ್ತದೆ ಈಗ. ಇರಬೇಕಾದಲ್ಲಿ ನಾನಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಎಲ್ಲಿದ್ದೆ ಎಂದು ಕೇಳುತ್ತಿದ್ದರು. ಟೋಪಿ ಹೋಗುತ್ತಿತ್ತು, ಜೀಪು ಹೋಗುತ್ತಿತ್ತು, ಅಷ್ಟೇ. ಊರಲ್ಲಿ ದಿನಾ ಸೈಕಲ್ ಹೊತ್ತು ಸಂಕ ದಾಟುವವಳು ಒಬ್ಬಳಿದ್ದರೆ ಅವಳೇ. ಅವಳೇ ಅವತ್ತು ಸಂಕ ದಾಟಲಿಲ್ಲ ಎಂದಾಯಿತು. ಅಷ್ಟು ಜನರಲ್ಲಿ ಅವಳ ಪರವಾಗಿ ಒಬ್ಬನೂ ಬಾಯಿ ಬಿಡಲಿಲ್ಲ. ಹಿಂದಿನಿಂದ ಯಾರೋ "ಸರ್ಕಾರಿ ಸೈಕಲ್ಲು ಮಾರಾಯಾ, ಒಳದಾರಿ ಅದಕ್ಕೇ ಗೊತ್ತು" ಎಂದ. ನಗು ಹರಡಿತು. ನಾನೂ ನಕ್ಕೆನೇನೋ. ನಕ್ಕಿರಬೇಕು.

ತಂಗಿ ಸೈಕಲ್ ತಿರುಗಿಸಿಕೊಂಡು ಹೋದಳು.

ಧಾರವಾಡಕ್ಕೆ ಗೇರಿನ ಸೈಕಲ್ಲಿನವನು ಹೋದ. ರೇಸನ್ನು ಅರ್ಧಕ್ಕೇ ಬಿಟ್ಟು, ಅಲ್ಲಿ ಕೊಟ್ಟ ಬನಿಯನ್ ಹಾಕಿಕೊಂಡು ಬಂದ.

ಮನೆಯಲ್ಲಿ ತಂಗಿ ನನ್ನೊಡನೆ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಅವಳ ಸೈಕಲ್ ಪಂಕ್ಚರಾದರೆ ನನ್ನ ಅಂಗಡಿಯ ಮುಂದಿನಿಂದಲೇ ತಳ್ಳಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರದ ಬೇರೆ ಅಂಗಡಿಯಲ್ಲಿ ಹಾಕಿಸುತ್ತಿದ್ದಳು. ಗಿರಾಕಿಗಳು ಕೇಳುತ್ತಿದ್ದರು, "ಎಂತ ಮಾರಾಯಾ, ನಿನ್ ತಂಗಿಗೇ ನಿನ್ ಕೆಲಸ ಸೇರೂದಿಲ್ವಾ?" ನಾನು ತಲೆ ತಗ್ಗಿಸಿ ಟ್ಯೂಬು ಉಜ್ಜುತ್ತಿದ್ದೆ.

ಅವಳನ್ನು ಯಲ್ಲಾಪುರದ ಹತ್ತಿರದ ನಂದೊಳ್ಳಿ ಕಡೆ ಕೊಟ್ಟರು. ಮದುವೆಯಾಗಿ ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಮೆಳೆ, ಚೈನು, ಅವಳು ಕೂಗಿದ್ದು, ನಾನು ಕೇಳಿಸಿಕೊಂಡದ್ದು. ಅವಳು ಅಂಗಳದಲ್ಲಿ ಮೆಣಸು ಹರಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿನ್ ಕೈ ನೋಡ್ದಾಗ್ಲೇ ಗೊತ್ತಾಗಿತ್ತು" ಎಂದಳು. "ಅವ್ರೆಲ್ಲ ಸುಳ್ಳು ಅಂದದ್ದಕ್ಕೆ ನಂಗೆ ಎಂತದೂ ಆಗ್ಲಿಲ್ಲ. ನೀ ಬಾಯಿ ಬಿಡ್ತ್ಯಾ ಅಂತ ಕಾದೆ. ಮನೆಗ್ ಬಂದ್ ಮೇಲೂ ಕಾದೆ."

"ತಪ್ಪಾಯ್ತು ತಂಗಿ."

"ನೋಡ್ಲಿಲ್ಲ ಅಂತ ಅಷ್ಟು ಜನರ ಎದ್ರಿಗೆ ಹೇಳಿದ್ದಲ್ವಾ ನೀನು? ಈಗ ನನ್ನ ಅಂಗಳಕ್ ಬಂದು ನನ್ ಕಿವೀಲಿ ಹೇಳಿದ್ರೆ ನಿಂಗೆ ಹಗುರ ಆಗ್ತದೆ. ನಂಗೆ ಎಂತದು?"

ಚಹಾ ಕೊಟ್ಟಳು, ಕುಡಿದೆ. ಹೊರಡುವಾಗ ನೋಡಿದರೆ ಜಗಲಿಗೆ ಅದೇ ಸೈಕಲ್ ಆನಿಸಿತ್ತು. ಬಣ್ಣ ಹೋಗಿತ್ತು, ಚೈನಿನ ಕವರು ಹಾಗೇ ಇತ್ತು. ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಅಭ್ಯಾಸಬಲ, ಬಗ್ಗಿ ಟಯರಿಗೆ ಕೈ ಹಾಕಿದೆ.

"ಅದ್ನ ಮುಟ್ಬೇಡ" ಎಂದಳು.

ಒಳಗಿಂದ ಪಂಪು ತಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಗಾಳಿ ಹೊಡೆಯತೊಡಗಿದಳು. ನಾನು ಗೇಟು ದಾಟಿ ರಸ್ತೆಗೆ ಬಂದ ಮೇಲೂ ಪಂಪಿನ ಸದ್ದು ಕೇಳುತ್ತಿತ್ತು.