ಉಪಮೆ ಹುಡುಕುವಾಗ ತಳ್ಳದೆ ಉಳಿದ ಕೊಡ

ಚೆನ್ನೈನ ತ್ರಿಪ್ಲಿಕೇನಿನ ನಮ್ಮ ಗಲ್ಲಿಯಲ್ಲಿ ನೀರಿನ ಲಾರಿಗೆ ಮನುಷ್ಯರು ಸಾಲು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಕೊಡಗಳು ನಿಲ್ಲುತ್ತವೆ. ಕೆಂಪು ಕೊಡವೆಂದರೆ ನಾನು, ಹಸಿರು ಕೊಡವೆಂದರೆ ಕೆಳಗಿನ ಮನೆಯ ಅಲಮೇಲು ಮಾಮಿ. ರೂಪಕಾಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಮ್ಮ ಕನ್ನಡ ಸಂಘದ ಕಥಾಕಮ್ಮಟದ ಮೇಷ್ಟರೂ ಕೊಡಲಾರರು. ಸಾಲು ಸರಿದಂತೆಲ್ಲ, ಮಂಡಿನೋವಿನ ಮಾಮಿಯ ಕೊಡವನ್ನು ಕಾಲಿನಿಂದ ಮುಂದೆ ತಳ್ಳುವುದು ಮೂರು ವರ್ಷದಿಂದ ನನ್ನ ಪಾಲಿನ ಕೆಲಸ.

ಮೇಷ್ಟರು ಹೇಳಿದ್ದಿಷ್ಟೇ: ಕಥೆಗೆ ಒಬ್ಬರು ಬೇಕು, ಅವರಿಗೆ ಏನಾದರೊಂದು ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗಬಾರದು. ಸಾರಿಗೆ ಚಿಟಿಕೆ ಇಂಗು ಹೆಚ್ಚಾದರೂ ಸಹಿಸದ ನಾನು ಕಥೆಗೆ ಮಾತ್ರ ಉಪಮೆಗಳನ್ನು ಬೊಗಸೆಯಲ್ಲೇ ಸುರಿಯುವವಳು. ಸೋಮವಾರ ಬೆಳಿಗ್ಗೆ ಸಾಲಿನಲ್ಲಿ, ಈ ಕೊಡಗಳು ಪ್ರಾರ್ಥನೆಗೆ ನಿಂತ ಶಾಲಾಮಕ್ಕಳಂತಿವೆಯೋ, ದಿಬ್ಬಣದ ಹೆಂಗಸರಂತಿವೆಯೋ ಎಂದು ಚಡಪಡಿಸುತ್ತಿದ್ದವಳಿಗೆ ಎಚ್ಚರವಾದಾಗ ನನ್ನ ಕೊಡ ತುಂಬಿತ್ತು, ಲಾರಿ ಬರಿದಾಗಿತ್ತು, ಹಸಿರು ಕೊಡ ಇಪ್ಪತ್ತು ಅಡಿ ಹಿಂದೆ ಒಂಟಿಯಾಗಿ ನಿಂತಿತ್ತು. "ಲಾರಿಯಲ್ಲಿ ನೀರೇ ಕಡಿಮೆಯಿತ್ತು" ಎಂದು ಮಾಮಿಗೆ ಸುಳ್ಳು ಹೇಳಿ, ನನ್ನದರಲ್ಲಿ ಅರ್ಧ ಸುರಿದು, ಪುಣ್ಯವಂತೆಯೂ ಆದೆ.

ಅಂದಿನಿಂದ ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದವಳ ಕಳವಳ. ನೋಡಿ, ಮತ್ತೊಂದು ಉಪಮೆ. ಅದೇ ಬೆಳಗನ್ನು ಕಥೆಯಾಗಿ ಬರೆದು ಕಾಲೇಜು ಓದುವ ಮಗಳು ನಿಧಿಗೆ ಓದಿ ಹೇಳಿದೆ. ಕನ್ನಡ ಅರ್ಥವಾದರೂ ತಮಿಳು ಬೆರೆಸದೆ ಉತ್ತರಿಸದ ಹುಡುಗಿ ಕೊನೆಯವರೆಗೆ ಕೇಳಿ, "ಅಮ್ಮಾ, ಎಲ್ಲಾ ಅದರ ಹಾಗೆ, ಇದರ ಹಾಗೆ ಅಂತಿಯಲ್ಲ. ಮಾಮಿ ಕೊಡ ಎನ್ನಾಚು? ಅದನ್ನ ಮೊದಲು ಸೊಲ್ಲು" ಎಂದಳು.

ಆ ಕೊಡಕ್ಕೆ ಏನಾಯಿತೆಂಬ ಒಂದು ವಾಕ್ಯ ಮಾತ್ರ ನನ್ನ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಅಲಂಕಾರಗಳನ್ನು ನಾನು ಹೊದಿಸಿದ್ದು ಅದರ ಮೇಲೆಯೇ ಎಂದು ಹೊಳೆದಾಗ, ಕಾಗದಗಳನ್ನು ಮಡಚಿಟ್ಟು ಮೆಟ್ಟಿಲಿಳಿದೆ.

ಮಾಮಿ ನೆಲದ ಮೇಲೆ ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದರು. ನನ್ನ ತಮಿಳು ತರಕಾರಿ ಕೊಳ್ಳುವಷ್ಟರದು. ಅದರಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

"ಮಾಮಿ, ನೀರು ಇತ್ತು. ನಾನ್ ಕೊಡ ತಳ್ಳಲೆ. ಮರಂದುಟ್ಟೇನ್." ತಳ್ಳಲಿಲ್ಲ, ಮರೆತುಬಿಟ್ಟೆ; ಅಷ್ಟೇ.

"ತೆರಿಯುಂ" ಎಂದರು ಮಾಮಿ, ತಲೆ ಎತ್ತದೆ. ಗೊತ್ತಂತೆ, ಕಿಟಕಿಯಲ್ಲಿ ಕೂತು ಎಲ್ಲ ನೋಡಿದ್ದರಂತೆ, ನಾನು ಯಾವಾಗ ಬರುವೆನೆಂದು ಮೂರು ದಿನದಿಂದ ಕಾಯುತ್ತಿದ್ದರಂತೆ.

"ನಾಳೈಕ್ಕು ತಳ್ಳು" ಎಂದು ಸೊಪ್ಪಿನ ಅರ್ಧ ಕಟ್ಟನ್ನು ನನ್ನತ್ತ ಸರಿಸಿದರು. ಕೂತು ಬಿಡಿಸತೊಡಗಿದೆ.