ಜರ್ಕು ಗಾಡೀದೋ, ನನ್ನ ಕಾಲಿಂದೋ

ವಾಡಿ ದಾಟಿ ಚಿತ್ತಾಪುರದ ರಸ್ತಾ ಹಿಡಿದ ಮ್ಯಾಲ ಗಾಡಿ ಮೊದಲನೇ ಸಲ ಜಗ್ಗಿತು. ಎಂಜಿನ್ ಒಮ್ಮೆಲೆ ಗೊಂಯ್ ಅಂತ ಒದರಿತು, ಗಾಡಿ ಮಾತ್ರ ಮುಂದಕ್ಕ ಹೋಗಲಿಲ್ಲ. ಆಮ್ಯಾಲ ಹಿಂದಿನಿಂದ ಯಾರೋ ಒದ್ದಂಗ ಧಡಕ್ಕನೆ ನುಗ್ಗಿತು. ಬಾಜೂಕ ಕುಂತಿದ್ದ ನನ್ನ ಹೆಂಡತಿ ಬಾಗಲದ ಹಿಡಿಕಿ ಹಿಡಕೊಂಡ್ಳು. ಹಿಂದ ಒಂದು ಸಿಮೆಂಟ್ ಲಾರಿ ಹಾರ್ನ್ ಹೊಡಕೋತ ಬರಲಿಕತ್ತಿತ್ತು.

ಅದು ಆಟೋಮೆಟಿಕ್ ಗಾಡಿ. ಯಾರೋ ಓಡಿಸಿ ಬಿಟ್ಟದ್ದು, ನಮಗ ಹೊಸದು. ಸುಣ್ಣದ ಕಲ್ಲಿನ ಗಣಿಯೊಳಗ ವರ್ಷಾನುಗಟ್ಟಲೆ ಡಂಪರ್ ಓಡಿಸಿದ ಮನಷ್ಯಾ ನಾನು. ಕ್ಲಚ್ ಇಲ್ಲದ ಗಾಡಿ ಒಂದು ಗಾಡಿ ಏನು ಅಂತ ನಾಕು ಮಂದಿ ಮುಂದ ನಕ್ಕಾಂವ. ಆದರ ಎರಡು ವರ್ಷದ ಹಿಂದ ಎಡಭಾಗಕ್ಕ ಲಕ್ವಾ ಹೊಡೀತು. ಮಾತು ಪೂರಾ ತಿರುಗಿ ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಬಂತು ಅಂತಾಳ ಮನ್ಯಾಕಿ. ಕೈ ಅಷ್ಟಿಷ್ಟು ಬಂತು. ಕ್ಲಚ್ ಒತ್ತೋವಷ್ಟು ತಾಕತ್ತು ಮಾತ್ರ ಎಡಗಾಲಿಗೆ ಬರಲೇ ಇಲ್ಲ. ಬಲಗಾಲು ಒಂದರಿಂದಲೇ ಓಡಿಸಬಹುದು ಅಂತ ಈ ಗಾಡಿ ತಗೊಂಡೆ. ಡಾಕ್ಟರು ನನ್ನ ನಡಿಸಿ, ಕುಂದ್ರಿಸಿ, ಕಣ್ಣು ನೋಡಿ, ಓಡಿಸ್ರಿ ಏನೂ ಅಡ್ಡಿಯಿಲ್ಲ ಅಂದಿದ್ರು. ಆವತ್ತು ಮುಂಜಾನೆ ಗಾಲಿ ಬುಡಕ ನಿಂಬಿಹಣ್ಣು ಇಟ್ಟು, ಕಾಯಿ ಒಡೆದು, ಸೇಡಂನಾಗ ಇರೋ ಹೆಂಡತಿ ಅಕ್ಕನ ಮನಿಗೆ ಅಂತ ನಾವಿಬ್ಬರೇ ಹೊಂಟಿದ್ವಿ.

ಎರಡನೇ ಸಲ ಜಗ್ಗಿದಾಗ ಗಾಡಿ ಮಾರಿದಾಂವಗ ಬಾಯಿಗೆ ಬಂದಂಗ ಬೈದೆ. ಗಾಡಿ ನಿಂದ್ರಿಸಿ, ಬುಡಕ ಗೇರ್ ಎಣ್ಣಿ ಸೋರೇದೇನು ಅಂತ ಬಗ್ಗಿ ನೋಡಿದೆ. ಒಂದು ಹನಿ ಇರಲಿಲ್ಲ. ಮೀಟರಿನ ಹತ್ರ ಕೆಂಪು ದೀಪ ಯಾವುದೂ ಹತ್ತಿರಲಿಲ್ಲ. ಎಂಜಿನ್ ಇನ್ನಾ ಥಂಡಿ ಅದ, ಬಿಸಿ ಆದ್ರ ಸುದ್ದ ಆಗತದ ಅಂತ ಹೆಂಡತಿಗೆ ಹೇಳಿದೆ. ಎಂಜಿನ್ ಬಿಸಿ ಆಯ್ತು, ಜರ್ಕು ನಿಂದ್ರಲಿಲ್ಲ. ಎಸಿ ಬಂದ್ ಮಾಡಿ ನೋಡಿದೆ, ಸಾವಕಾಶ ಓಡಿಸಿ ನೋಡಿದೆ. ಒಂದೊಂದು ಸಲ ಸುಮ್ನೆ ಹೋಗೋದು, ತಗ್ಗು ಬಂದ್ರ ಸಾಕು, ಗೊಂಯ್, ಧಡಕ್.

ಆವಾಗ ಒಂದು ವಿಚಾರ ತಲ್ಯಾಗ ಹೊಕ್ಕಿತು. ಜರ್ಕು ಗಾಡೀದು ಅಲ್ಲದೆ ನನ್ನ ಬಲಗಾಲಿಂದು ಇದ್ದರ? ಕಾಲು ನಡುಗಿ ಎಕ್ಸಲೇಟರ್ ಒಮ್ಮೆ ಬಿಟ್ಟು ಒಮ್ಮೆ ಒತ್ತಲಿಕತ್ತಿದ್ದರ?

ನಿಮಗ ಇದು ಹುಚ್ಚು ಅನಿಸಬಹುದು. ಲಕ್ವಾ ಹೊಡೆದ ದಿನ ನಾ ಚಾ ಕುಡಿಲಿಕತ್ತಿದ್ದೆ. ಕಪ್ಪು ಬರೋಬ್ಬರಿ ಹಿಡದೀನಿ ಅಂತ ನನ್ನ ತಿಳುವಳಿಕಿ. ಚಾ ಚೆಲ್ಲಲಿಕತ್ತದ್ರಿ ಅಂತ ಹೆಂಡತಿ ಅಂದಾಗ ಕೆಳಗ ನೋಡಿದೆ. ಲುಂಗಿ ತೊಯ್ದಿತ್ತು, ಎಡತೊಡಿ ಕೆಂಪಗ ಸುಟ್ಟಿತ್ತು, ನನಗ ಸುದ್ದೀನೇ ಇಲ್ಲ. ಆವತ್ತಿನಿಂದ ನನ್ನ ಮೈ ಹೇಳೋದು ನಾ ನಂಬಂಗಿಲ್ಲ. ಈಗ ಬಲಗಾಲು ಗಟ್ಟಿ ಕುಂತದ ಅಂತ ಅನಿಸಲಿಕತ್ತಿತ್ತು. ಆವತ್ತು ಕೈಯೂ ಹಂಗೇ ಅನಿಸಿತ್ತು.

ಅಂಜಿಕಿ ಅಂದ್ರ ಏನು ಅಂತ ಆ ರಸ್ತಾದ ಮ್ಯಾಲ ತಿಳೀತು. ಈ ಕಾಲೂ ಹೋದ್ರ ಹಾಸಿಗಿನೇ ಗತಿ, ನೀರಿಗೂ ಆಕಿನ್ನ ಕೂಗಬೇಕು. ಗೇರ್ ಬಾಕ್ಸ್ ಪುಡಿಪುಡಿ ಆಗಿರಲಿ ದೇವರೇ, ಮಾರಿದಾಂವ ಮೋಸ ಮಾಡಿರಲಿ ಅಂತ ಬೇಡಕೊಂಡೆ. ತಾನು ಕೊಂಡ ಗಾಡಿ ಕೆಟ್ಟಿರಲಿ ಅಂತ ಬೇಡಿಕೊಂಡಾಂವ ನನ್ನ ಬಿಟ್ಟು ಬ್ಯಾರೆ ಯಾರರೆ ಇದ್ರ ಹೇಳ್ರಿ.

ಚಿತ್ತಾಪುರ ದಾಟಿದ ಮ್ಯಾಲ ಒಂದು ಹಳ್ಳಿ ಸಾಲಿ ಮುಂದ ಹುಡುಗ್ರು ರಸ್ತಾ ದಾಟಲಿಕತ್ತಿದ್ವು. ಬ್ರೇಕ್ ಹಾಕಿ ನಿಂತೆ. ಅವು ದಾಟಿ ಹೋದ್ವು, ನಾ ಕಾಲು ಎತ್ತಿ ಎಕ್ಸಲೇಟರ್ ಮುಟ್ಟಿದೆ, ಗಾಡಿ ಧಡಕ್ಕನೆ ಹಾರಿತು. ಅರ್ಧ ನಿಮಿಷ ಮೊದಲು ಹಾರಿದ್ದರ ಆ ಹುಡುಗ್ರ ಗತಿ ಏನಾಗತಿತ್ತು? ಮುಂದ ಬಾಜೂಕ ಬಂದ್ ಬಿದ್ದ ನೆಲಕ್ಕ ಹಾಸೋ ಫರ್ಸಿ ಕಲ್ಲಿನ ಗಣಿ ಇತ್ತು. ಅದರ ಖಾಲಿ ಬಯಲಿಗೆ ಗಾಡಿ ಇಳಿಸಿ, ಬಂದ್ ಮಾಡಿ, ಕೈ ಎರಡೂ ತೊಡಿ ಮ್ಯಾಲ ಇಟ್ಟುಕೊಂಡು ಕುಂತೆ. ನನ್ನ ಕಾಲ ಮ್ಯಾಲ ನನಗ ಸಂಶಯ ಬಂದದ ಅಂತ ಹೆಂಡತಿಗೆ ಹೇಳಿಬಿಟ್ಟೆ. ಹೇಳಲಿಕ್ಕೆ ನಾಚಿಕಿ ಆಯ್ತು.

ಆಕಿ ನನ್ನ ಮಾರಿ ನೋಡಲಿಲ್ಲ. ಸೆರಗು ಸೊಂಟಕ್ಕ ಸಿಗಿಸಿಕೊಂಡು, ಬಗ್ಗಿ, ನನ್ನ ಬಲಮಣಕಾಲಿನ ಮ್ಯಾಲ ಅಂಗೈ ಒತ್ತಿ ಇಟ್ಟಳು. ಈ ಬಯಲಾಗೇ ಒಂದು ಸುತ್ತು ಹೊಡೀರಿ ಅಂದ್ಳು.

ಹೊಡೆದೆ. ಗೊಂಯ್ ಅಂತು, ಧಡಕ್ ಅಂತು. ಇನ್ನೊಂದು ಸುತ್ತು ಅಂದ್ಳು. ಮತ್ತ ಹಂಗೇ. ಮೂರನೇ ಸುತ್ತಿಗೆ ಕೈ ತಗದಳು.

“ಕಾಲು ಕದಲಲಿಲ್ರಿ. ಇದು ಗಾಡೀದೇ.”

ಬರೋಬ್ಬರಿ ನೋಡಿದೇನು ಅಂತ ಕೇಳಿದೆ. ನೋಡೀನಿ ಅಂದ್ಳು. ಸುಮ್ನೆ ಸಮಾಧಾನಕ್ಕ ಹೇಳಬ್ಯಾಡ ಅಂತ ಒದರಿದೆ. ಬಗ್ಗಿದ್ದಕ್ಕ ಆಕಿ ಕಣ್ಣಿಗೆ ಇನ್ನೊಂದು ಬಿದ್ದಿತ್ತು: ಜಗ್ಗಿದಾಗೊಮ್ಮೆ ಗೇರಿನ ಹಿಡಿಕಿ ಅಲುಗಾಡತಿತ್ತು.

ಆ ಹಿಡಿಕಿಗೆ ಮುಂಜಾನೆ ಪೂಜಿ ವ್ಯಾಳ್ಯಾದಾಗ ಆಕಿ ಅರಿಷಿಣ ದಾರದಾಗ ಅರಿಷಿಣ ಕೊಂಬು ಕಟ್ಟಿದ್ದಳು. ಮಂದಿ ಸ್ಟೇರಿಂಗಿಗೆ ಕಟ್ಟತಾರ. ಆಕಿ ಮಾತ್ರ, ನನ್ನ ಸೋತ ಎಡಗೈ ಇಡೋ ಜಾಗಾ ಅದು ಅಂತ ಅಲ್ಲೇ ಕಟ್ಟಿ, ಮ್ಯಾಲ ಮಲ್ಲಿಗಿ ಸರ ಸುತ್ತಿದ್ದಳು. ಸರ ಸರಿಸಿ ನೋಡಿದ್ರ, ಕೊಂಬು ಜಾರಿ ಹಿಡಿಕಿ ಓಡಾಡೋ ಸಂದಿನ್ಯಾಗ ಬೆಣೆ ಆಗಿ ಕುಂತಿತ್ತು. ಹಿಡಿಕಿ, ಗಾಡಿ ಮುಂದಕ್ಕ ಓಡೋ ‘ಡಿ’ ತನಕ ಪೂರಾ ಬಂದಿರಲಿಲ್ಲ, ನ್ಯೂಟ್ರಲ್ಲಿಗೂ ಅದಕ್ಕೂ ನಡುವ ನಿಂತಿತ್ತು. ತಗ್ಗು ಬಂದಾಗ, ನಿಂತು ಹೊಂಟಾಗ ಗೇರ್ ಬಿಟ್ಟುಹೋಗಿ ಮತ್ತ ಹಿಡಕೊಳ್ಳತಿತ್ತು. ಹಿಡಿಕಿ ಪೂರಾ ಬಂತೋ ಇಲ್ಲೋ ಅಂತ ನನ್ನ ಎಡಗೈಗೆ ಗೊತ್ತಾಗಿರಲಿಲ್ಲ, ಹೂವಿನ ಸರದಾಗ ಅಕ್ಷರ ಮುಚ್ಚಿ ಕಣ್ಣಿಗೂ ಕಾಣಿಸಿರಲಿಲ್ಲ. ಆಕಿ ದಾರ ಹರಿದು ಕೊಂಬು ಕಿತ್ತು ತಗದಳು. ಹಿಡಿಕಿ ಕಟ್ ಅಂತ ತನ್ನ ಜಾಗಾಕ್ಕ ಕುಂತಿತು.

ಸೇಡಂ ರಸ್ತಾಕ್ಕ ಗಾಡಿ ಹತ್ತಿಸಿದೆ. ತಗ್ಗು ಬಂತು, ದಿನ್ನಿ ಬಂತು, ಒಂದು ಜರ್ಕು ಇಲ್ಲ. ಆದರೂ ನನ್ನ ಸಂಶಯ ಪೂರಾ ಹೋಗಿರಲಿಲ್ಲ. ಬರೇ ಮೂರು ಸುತ್ತಿನ್ಯಾಗ ಅಷ್ಟು ಖಾತ್ರಿ ಹೆಂಗ ಹೇಳಿದಿ, ನೀ ಏನು ಡಾಕ್ಟರೇನು ಅಂತ ಕೇಳಿದೆ.

ಆಕಿ ಕಿಡಕಿ ಹೊರಗಿನ ತೊಗರಿ ಹೊಲ ನೋಡಿಕೋತ ಅಂದ್ಳು:

“ದಿನಾ ರಾತ್ರಿ ನಿಮಗ ನಿದ್ದಿ ಹತ್ತಿದ ಮ್ಯಾಲ ನಿಮ್ಮ ಬಲಗಾಲಿನ ಅಂಗಾಲಿಗೆ ಉಗುರಿಲೆ ಗೀರತೀನ್ರಿ. ನೀವು ಕಾಲು ಜಗ್ಗಿಕೊಳ್ಳತೀರಿ. ಆಮ್ಯಾಲ ನಾ ಮಕ್ಕೋತೀನಿ.”

ರಾತ್ರಿ ಅಂಗಾಲಿಗೆ ಸೊಳ್ಳಿ ಕಡೀತಾವ, ನಿನಗ ಪರದಾ ಸುದ್ದ ಕಟ್ಟಲಿಕ್ಕೆ ಬರಂಗಿಲ್ಲ ಅಂತ ಎರಡು ವರ್ಷದಿಂದ ನಾ ಆಕಿಗೆ ಬೈಕೋತ ಬಂದಿದ್ದೆ. ಆಕಿ ಒಂದು ಸಲಾನೂ ಎದುರು ಮಾತಾಡಿರಲಿಲ್ಲ. ಸುಮ್ನೆ ಎದ್ದು ಪರದಾ ಬಿಚ್ಚಿ ಮತ್ತ ಕಟ್ಟತಿದ್ದಳು.